ಟಾಕಿ ಹತ್ತುವ ಅಭ್ಯಾಸ

ಹೊಲಿಗೆ ಟೀಚರ್ ಹಸೀನಾ ಮುಜಾವರಗೆ ಈ ಸಲ ಭಿಶಿ ಎದ್ದಿತು,
ನನ್ನ ಗ್ರ್ಯಾಚುಯಿಟಿ ಎರಡು ವರ್ಷದಿಂದ ಬ್ಯಾಂಕಿನಲ್ಲಿ ಮಲಗಿತ್ತು.
ಎರಡನ್ನೂ ಕೂಡಿಸಿ, ಹಳೆಯ ಹಾಜರಿ ಪುಸ್ತಕದ
ಖಾಲಿ ಹಾಳೆಯ ಮೇಲೆ ಬರೆದೆವು: ಬೊಲಿವಿಯಾ.
"ಎಲ್ಲಿ ಬರ್ತದವ್ವಾ ಅದು, ಗುಲ್ಬರ್ಗಾದ ಈಚೀಕೋ ಆಚೀಕೋ?"
ಹಿಟ್ಟಿನ ಗಿರಣಿಯ ಭೀಮಾಶಂಕರ ಕೇಳಿದ.
"ಆಚೀಕ," ಅಂದಳು ಹಸೀನಾ. "ಭಾಳ ಆಚೀಕ."

ಇಪ್ಪತ್ತೊಂಬತ್ತು ವರ್ಷ ಅದೇ ನಕಾಶೆ ಬಿಚ್ಚಿ ಸುತ್ತಿದವಳು ನಾನು.
ಮೈಂದರ್ಗಿಯ ಕನ್ನಡ ಶಾಲೆ, ಏಳನೆಯ ಇಯತ್ತೆ, ಭೂಗೋಲ.
ಟಿಟಿಕಾಕಾ ಎಂದರೆ ಮಕ್ಕಳು ಬೆಂಚು ಬಡಿದು ನಗುತ್ತಿದ್ದವು;
ಆ ಒಂದು ಸರೋವರವನ್ನು ಯಾರೂ ಪರೀಕ್ಷೆಯಲ್ಲಿ ತಪ್ಪು ಬರೆಯಲಿಲ್ಲ.
ನನ್ನ ಕೋಲಿನ ತುದಿ ಅಲ್ಲೇ ತಾಗಿ ತಾಗಿ
ಬಟ್ಟೆ ಸವೆದು, ಹಿಂದಿನ ಗೋಡೆ ಕಾಣುತ್ತಿತ್ತು.

ಆ ದೇಶಕ್ಕೊಂದು ಸಮುದ್ರವಿತ್ತು. ಯುದ್ಧದಲ್ಲಿ ಹೋಯಿತು.
ನೌಕಾಪಡೆ ಮಾತ್ರ ಉಳಿಯಿತು:
ಬಿಳಿ ಅಂಗಿಯ ನಾವಿಕರು, ಬ್ಯಾಂಡು, ಪತಾಕೆ,
ಪ್ರತಿ ಮಾರ್ಚ್ ಇಪ್ಪತ್ಮೂರಕ್ಕೆ ಇಲ್ಲದ ಸಮುದ್ರಕ್ಕೊಂದು ಹಬ್ಬ.
ಹಿಂದಿನ ಬೆಂಚಿನಿಂದ ಮಳಸಿದ್ದ ಎದ್ದು ಕೇಳಿದ್ದ:
"ಸಮುದ್ರ ಇಲ್ಲಂದ್ರ ಅವ್ರು ದಿನಾ ಮುಂಜಾನೆದ್ದು
ಏನ್ ಮಾಡ್ತಾರ್ರೀ ಅಕ್ಕೋರ?"
ಪಾಠದಲ್ಲಿ ಅದಿರಲಿಲ್ಲ. ಕೂಡು ಎಂದೆ. ಕೂತ.
ಈಗವನು ಕಬ್ಬಿನ ಟ್ರಕ್ ಓಡಿಸುತ್ತಾನೆ, ಕಂಡಾಗೆಲ್ಲ ಹಾರ್ನ್ ಹಾಕುತ್ತಾನೆ.
ಉತ್ತರ ನಾನಿನ್ನೂ ಕೊಟ್ಟಿಲ್ಲ.

ಪಾಸ್‌ಪೋರ್ಟಿಗಾಗಿ ಸೊಲ್ಲಾಪುರಕ್ಕೆ ಮೂರು ಸಲ.
ಶಾಲೆಯ ದಾಖಲೆಯಲ್ಲಿ ಇಂದುಮತಿ, ರೇಶನ್ ಕಾರ್ಡಿನಲ್ಲಿ ಇಂದೂಬಾಯಿ,
ಮತದಾರರ ಯಾದಿಯಲ್ಲಿ ಬರೀ ಇಂದವ್ವ ತೇಲಿ.
"ಇವರಲ್ಲಿ ನೀವು ಯಾರು?"
ಹುಡುಗ ಕೇಳಿದ್ದು ಮರಾಠಿಯಲ್ಲಿ, ಮರ್ಯಾದೆಯಿಂದಲೇ.
ಮೂವರೂ ಎಂದೆ, ಟಿಕೆಟ್ ಒಂದೇ ಸಾಕು.
ನಕ್ಕ. ಅಫಿಡವಿಟ್ ಮಾತ್ರ ಬಿಡಲಿಲ್ಲ.
ಹಳದಿ ಜ್ವರದ ಚುಚ್ಚುಮದ್ದು ಮುಂಬೈಯಲ್ಲಂತೆ;
ಹಸೀನಾ ಆಗಲೇ ತೋಳು ತಿಕ್ಕಿಕೊಂಡಳು.

ಖಡಕ್ ರೊಟ್ಟಿ ಅರವತ್ತು. ತಿಂಗಳಾದರೂ ಕೆಡದು, ಒಡೆದರೂ ರೊಟ್ಟಿಯೇ.
ಶೇಂಗಾ ಚಟ್ನಿ ಎರಡು ಕಿಲೋ.
ಬರೆಯುವಾಗ ನೆನಪಾಯಿತು: ಶೇಂಗಾದ ತವರು ಅದೇ ಸೀಮೆ.
ಯಾವ ಹಡಗು ಹತ್ತಿ, ಯಾರ ಕಿಸೆಯಲ್ಲಿ ಕೂತು
ನಮ್ಮ ಒರಳಿಗೆ ಬಂದು ಬೆಳ್ಳುಳ್ಳಿಯ ಜೊತೆ ಸಂಸಾರ ಹೂಡಿತೋ.
"ಹಂಗಾರ ಮೂರು ಕಿಲೋ ಬರಿ," ಅಂದಳು ಹಸೀನಾ,
"ತವರಿಗಿ ಹೊಂಟದ, ಹಗೂರ ಹ್ಯಾಂಗ ಕಳಸೂದು?"

ತೊಂದರೆ ಒಂದೇ, ಎತ್ತರ.
ವಿಮಾನ ಇಳಿದ ಕೂಡಲೇ ಅಲ್ಲಿ ಉಸಿರು ಸಿಗುವುದಿಲ್ಲವಂತೆ,
ದೀಪ ಹಚ್ಚಿದರೂ ಮಂಕಾಗಿ ಉರಿಯುತ್ತದಂತೆ.
ನಮ್ಮೂರಲ್ಲಿ ಗುಡ್ಡವಿಲ್ಲ. ಇರುವುದು ನೀರಿನ ಟಾಕಿ.
ವಾಲ್‌ಮನ್ ಲಾಡಪ್ಪನಿಗೆ ಚಹಾ ಕುಡಿಸಿ, ಕೀಲಿ ತೆಗೆಸಿ,
ದಿನಾ ಸಂಜೆ ಹತ್ತುತ್ತೇವೆ,
ನನ್ನ ಸೆರಗು ಟೊಂಕಕ್ಕೆ, ಅವಳ ಬುರ್ಖಾ ಕೆಳಗಿನ ಗೇಟಿಗೆ.
ತೊಂಬತ್ತಾರು ಮೆಟ್ಟಿಲು. ನಾನು ಒಮ್ಮೆ ಮೇಲೆ ಮುಟ್ಟಿದ್ದೇನೆ.
ಅಲ್ಲಿಂದ ಜೋಳ, ಜೋಳ, ತೊಗರಿ, ಮತ್ತೆ ಜೋಳ.
ಗಡಿ ಕಾಣುವುದೇ ಇಲ್ಲ ಎನ್ನುತ್ತಾರೆ ಭಾಷಣದವರು. ಸುಳ್ಳು.
ಡಾಂಬರಿನ ಕಪ್ಪು ಒಂದು ಕಡೆ ಥಟ್ಟನೆ ಬೂದಿಯಾಗುತ್ತದೆ,
ಅಲ್ಲಿ ಬೈಕುಗಳು ಒಮ್ಮೆ ಕುಪ್ಪಳಿಸುತ್ತವೆ.
ಈಚೆ ಕೂತು ನಾನು ಆಚೆಯ ಅಕ್ಷರ ತಿದ್ದಿಸಿದೆ,
ಕೊನೆಯ ವರ್ಷ ಹನ್ನೊಂದು ಮಕ್ಕಳಿಗೆ.
ಮುಂಜಾನೆದ್ದು, ಗಂಟೆ ಬಾರಿಸಿ, ನಕಾಶೆ ಬಿಚ್ಚಿ.

ಮಾರ್ಚ್ ಇಪ್ಪತ್ಮೂರಕ್ಕೆ ಅಲ್ಲಿರಬೇಕು.
ಒಬ್ಬ ನಾವಿಕನನ್ನು ನಿಲ್ಲಿಸಿ ಮಳಸಿದ್ದನ ಪ್ರಶ್ನೆ ಕೇಳಬೇಕು,
ಯಾವ ಭಾಷೆಯಲ್ಲೆಂದು ಗೊತ್ತಿಲ್ಲ.
ನಿನ್ನೆ ಐವತ್ತೊಂದನೇ ಮೆಟ್ಟಿಲಿಗೆ ಹಸೀನಾ ಕೂತೇಬಿಟ್ಟಳು.
"ಬೊಲಿವಿಯಾ ಇಲ್ಲೇ ಬಂತು ನೋಡ," ಎಂದಳು ಏದುತ್ತ.
ನಾನೂ ಪಕ್ಕಕ್ಕೆ ಕೂತೆ.
ತಲೆಯ ಮೇಲೆ, ಕತ್ತಲಲ್ಲಿ, ಟಾಕಿಗೆ ನೀರು ಬೀಳತೊಡಗಿತು,
ಮೊದಲು ತೆಳ್ಳಗೆ, ಆಮೇಲೆ ದೊಡ್ಡದಾಗಿ,
ಕಾಂಕ್ರೀಟಿಗೆ ಬಡಿದು, ಹಿಂದೆ ಸರಿದು, ಬಡಿದು.
ಲಾಡಪ್ಪ ಕೆಳಗಿನಿಂದ ಕೂಗಿದ:
"ತುಂಬೂತನಕ ಇರ್ರಿ ಬೇಕಾದ್ರ."
ಇದ್ದೆವು.